ಭಾವನ ಮುಳ್ಳು ಹೊಳೆಯ ಕಡೆಗೆ

ಮೊನ್ನೆ ಬೀರುವಿನ ಮೇಲಿನ ಹಲಗೆ ಒರೆಸುವಾಗ ಹಳೆಯ ಜಿಪಿಎಸ್ ಕೈಗೆ ಸಿಕ್ಕಿತು. ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಸೋರಿ ಬಿಳಿ ಪುಡಿಯಾಗಿತ್ತು, ಹುಳಿ ವಾಸನೆ ಮೂಗಿಗೆ ಬಡಿಯಿತು. ಥಟ್ಟನೆ ಅದನ್ನು ಹಲಗೆಯ ಮೇಲೇ ಬಿಟ್ಟು ಹಿಂದೆ ಸರಿದೆ. ಅಂಗೈಯಗಲದ ಯಂತ್ರಕ್ಕೆ ಹೆದರುವ ಇವನೆಂಥ ಗಂಡಸು ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಪೂರ್ತಿ ಕೇಳಿ ಆಮೇಲೆ ನಗಿ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು. ನಮ್ಮಕ್ಕನ ಗಂಡ ನರಸೀಪುರದಲ್ಲಿದ್ದರು, ಮೂವತ್ತು ವರ್ಷ ಸರಪಳಿ ಎಳೆಸಿ ಹೊಲಗದ್ದೆ ಅಳೆದು ನಿವೃತ್ತರಾದ ಸರ್ವೇಯರು. ಮೈಸೂರಿನಲ್ಲಿ ಯಾರೋ ಹಳೆಯ ಜಿಪಿಎಸ್ ಮಾರುತ್ತಿದ್ದಾರೆಂದು ತಿಳಿದು ಇಬ್ಬರೂ ಒಂದೊಂದು ತಂದೆವು. ಡಬ್ಬಿಯೊಂದನ್ನು ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಹೇಳಿ, ಇನ್ನೊಬ್ಬರಿಂದ ಹುಡುಕಿಸುವ ಆಟ ಹೊರದೇಶಗಳಲ್ಲಿದೆಯೆಂದು ನಾನು ಎಲ್ಲೋ ಓದಿದ್ದೆ. ತಲೆ ನೆರೆತ ಇಬ್ಬರು ಕಣ್ಣಾಮುಚ್ಚಾಲೆಗೆ ನಿಂತೆವು. ಮೊದಲ ಡಬ್ಬಿಯಲ್ಲಿ ನಾನು ಎರಡು ರಸಬಾಳೆಹಣ್ಣು ಇಟ್ಟಿದ್ದೆ. ಭಾವನಿಗೆ ಬಿಡುವಾಗಿ ಹೋಗುವಷ್ಟರಲ್ಲಿ ತಾಲ್ಲೂಕಿನ ಇರುವೆಗಳೆಲ್ಲ ಅಲ್ಲಿ ಸೇರಿದ್ದವಂತೆ. ಆಮೇಲೆ ಒಂದು ನೋಟ್‌ಬುಕ್ಕು, ಒಂದು ಮೋಟು ಪೆನ್ಸಿಲು ಇಡುವುದಕ್ಕೆ ತೃಪ್ತಿಪಟ್ಟೆ. ಹುಡುಕಿದವರು ಅದರಲ್ಲಿ ರುಜು ಹಾಕಬೇಕು. ಹೇಳಿದ ಸಂಖ್ಯೆ ಒತ್ತಿದರೆ ಯಂತ್ರದ ತೆರೆಯ ಮೇಲಿನ ಮುಳ್ಳು ಡಬ್ಬಿಯ ಕಡೆಗೆ ತಿರುಗುತ್ತಿತ್ತು.

ಭಾವನ ಯಂತ್ರ ಮೊದಲಿನಿಂದಲೂ ಸ್ವಲ್ಪ ತಪ್ಪು ತೋರಿಸುತ್ತಿತ್ತು. ಬಯಲಲ್ಲಿಟ್ಟ ಡಬ್ಬಿಯಾದರೆ ಸುತ್ತಮುತ್ತ ಅಲೆದು ಹೇಗೋ ಹುಡುಕುತ್ತಿದ್ದರು. ನಾನೋ ಕೈಪಿಡಿ ಬಾಯಿಪಾಠ ಮಾಡಿದವನು. ಬ್ಯಾಟರಿ ಬದಲಾಯಿಸಿ, ಮರದ ಕೆಳಗೆ ನಿಲ್ಲಬೇಡಿ, ತೆರೆದ ಜಾಗದಲ್ಲಿ ಹತ್ತು ನಿಮಿಷ ಹಿಡಿದು ನಿಲ್ಲಿ ಎಂದು ಫೋನಿನಲ್ಲೇ ಪಾಠ ಮಾಡುತ್ತಿದ್ದೆ. ಅರವತ್ತು ದಾಟಿದ ಮನುಷ್ಯ ಬಿಸಿಲಲ್ಲಿ ಕೈಯೆತ್ತಿ ನಿಂತಿರುತ್ತಿದ್ದರು.

ಆ ಸಲ ನಾನು ಡಬ್ಬಿ ಇಟ್ಟಿದ್ದು ನರಸೀಪುರದ ದಾರಿಯಲ್ಲಿ, ಕಪಿಲೆಯ ಎತ್ತರದ ದಂಡೆಯ ಮೇಲಿನ ಪಾಳು ಮಂಟಪದೊಳಗೆ. ಆಷಾಢದ ಒಂದು ಭಾನುವಾರ, ಹನ್ನೆರಡು ಗಂಟೆಯ ಹೊತ್ತಿಗೆ ಭಾವನ ಮೊಬೈಲಿನಿಂದ ಫೋನು ಬಂತು.

"ಮುಳ್ಳು ಹೊಳೆ ಕಡೀಕೇ ತೋರುಸ್ತದಲ್ಲಯ್ಯಾ. ನಂಗ್ಯಾಕೋ ಅನುಮಾನ."

ರಸ್ತೆಯಿಂದ ನೋಡಿದರೆ ಮಂಟಪವೂ ಹೊಳೆಯ ಕಡೆಗೇ. ನಾನು ನಕ್ಕೆ. "ಬ್ಯಾಟರಿ ಹೊಸದು ತಾನೆ ಭಾವ? ಹಾಗಾದ್ರೆ ಅನುಮಾನ ಬಿಡಿ. ಮುಳ್ಳು ತೋರಿಸಿದ ಕಡೆ ಸುಮ್ನೆ ನಡೀರಿ."

ಮಂಟಪ ಎಂಬ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆಟ ಕೆಡುತ್ತದೆಂದು ಹೇಳಲಿಲ್ಲ.

ಮುಕ್ಕಾಲು ಗಂಟೆ ಕಳೆದಿರಬಹುದು, ನಮ್ಮ ಬೀದಿಯಲ್ಲಿ ಮೈಕು ಕಟ್ಟಿದ ಆಟೋ ಬಂತು. ಕಬಿನಿ ಅಣೆಕಟ್ಟಿನಿಂದ ಕಪಿಲೆಗೆ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗೆ ಇಳಿಯಬೇಡಿ. ಭಾವನಿಗೆ ಈಜು ಬಾರದು. ಮೊಬೈಲಿಗೆ ಹಚ್ಚಿದೆ, ಸಿಗಲಿಲ್ಲ. ಮತ್ತೆ ಹಚ್ಚಿದೆ. ಅಷ್ಟರಲ್ಲಿ ಅಕ್ಕನ ಫೋನು: "ಊಟಕ್ಕೆ ಬಂದ್ಬಿಡ್ತೀನಿ ಅಂದಿದ್ರಲ್ಲೋ, ನಿನ್ನತ್ರ ಅವ್ರಾ?" ಬರ್ತಾರೆ ಅಕ್ಕ ಎಂದು ಹೇಳಿ ಸ್ಕೂಟರು ಹತ್ತಿದೆ.

ಮಂಟಪದಲ್ಲಿ ಡಬ್ಬಿ ಇಟ್ಟ ಹಾಗೇ ಇತ್ತು. ನೋಟ್‌ಬುಕ್ಕು ತೆರೆದೆ, ಭಾವನ ರುಜು ಇಲ್ಲ. ಕೆಳಗೆ ನೋಡಿದೆ. ಡಬ್ಬಿ ಇಟ್ಟ ದಿನ ಹೊಳೆಯ ನಡುವೆ ಕಂಡಿದ್ದ ಬಂಡೆಗಳು ಒಂದೂ ಇರಲಿಲ್ಲ. ಕೆಂಪು ನೀರು ಮರದ ಕೊಂಬೆಗಳನ್ನು ಹೊತ್ತು ಹೋಗುತ್ತಿತ್ತು. ಕೆಳದಾರಿಯಲ್ಲಿ, ನೀರಿಗೆ ನಾಲ್ಕು ಮಾರು ದೂರದಲ್ಲಿ, ಭಾವನ ಚಪ್ಪಲಿಗಳು ಜೋಡಿಸಿಟ್ಟಂತೆ ಬಿದ್ದಿದ್ದವು.

ಎಮ್ಮೆ ಹೊಡೆದುಕೊಂಡು ಬಂದ ಹೆಂಗಸನ್ನು ಕೇಳಿದೆ.

"ಊಂ ಸಾ, ಒಬ್ರು ವಯಸ್ಸಾದೋರು ಕೈಲಿ ಅದೇನೋ ಇಟ್ಕಂಡು, ಅದ್ನೇ ನೋಡ್ಕಂಡು ನೀರ್ಗಿಳುದ್ರು."

"ಆಮೇಲೆ?"

"ನಾನೇನ್ ಕಂಡೆ ಸಾ? ಎಮ್ಮೆ ಅತ್ಲಾಗ್ ಓಯ್ತು, ನಾನೂ ಓದೆ."

ನಾನು ಅಲ್ಲೇ ಕುಕ್ಕರಿಸಿದೆ. ಅಷ್ಟು ಭಯ ಅದಕ್ಕೆ ಮೊದಲು ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನೀರನ್ನು ನೋಡುತ್ತಲೇ ಅಕ್ಕನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅದರಲ್ಲಿ ನಾನು ಕೊಟ್ಟ ಸಲಹೆ ಬಾರದ ಹಾಗೆ ಜೋಡಿಸುತ್ತಿದ್ದೆ.

ಆಮೇಲೆ ಎದ್ದು ದಂಡೆಯುದ್ದಕ್ಕೂ ಕೂಗುತ್ತ ಓಡಿದೆ. ಒಂದು ಫರ್ಲಾಂಗಿನಾಚೆ ಪಂಪ್‌ಸೆಟ್ಟಿನ ಮನೆಯಿಂದ ಕೆಮ್ಮು ಕೇಳಿಸಿತು. ಭಾವ ಗೋಣಿಚೀಲ ಹೊದ್ದು ಗಡಗಡ ನಡುಗುತ್ತ ಕೂತಿದ್ದರು. ಮೊಣಕಾಲಿನ ಮಟ್ಟದ ನೀರಿನಲ್ಲಿ ಬಂಡೆಯಿಂದ ಬಂಡೆಗೆ ಹೋಗಿದ್ದರಂತೆ. ನೋಡನೋಡುತ್ತ ನೀರು ಸೊಂಟಕ್ಕೇರಿ ಕೊಚ್ಚಿಕೊಂಡು ಹೋಗುವಾಗ ಪಂಪಿನ ಪೈಪು ಕೈಗೆ ಸಿಕ್ಕಿತಂತೆ. ಮೊಬೈಲು ಹೊಳೆಯ ಪಾಲಾಗಿತ್ತು. ನೀರು ತಡೆಯುವ ಯಂತ್ರ ಮಾತ್ರ ಕುತ್ತಿಗೆಯ ದಾರದಲ್ಲಿ ಕೆಡದೆ ಇತ್ತು.

ನನ್ನ ಜೇಬಿನಲ್ಲಿದ್ದ ಯಂತ್ರವನ್ನೂ ತೆಗೆದು, ಎರಡನ್ನೂ ಪಂಪ್‌ಸೆಟ್ಟಿನ ಮನೆಯ ಮೆಟ್ಟಿಲ ಮೇಲೆ ಪಕ್ಕಪಕ್ಕ ಇಟ್ಟೆ. ಒಂದೇ ಜಾಗಕ್ಕೆ ಎರಡು ಬೇರೆ ಸಂಖ್ಯೆ. ಯಾವ ನಕ್ಷೆಯ ಲೆಕ್ಕದಲ್ಲಿ ತೋರಿಸಬೇಕೆಂದು ಆರಿಸುವ ಪಟ್ಟಿಯೊಂದು ಅದರಲ್ಲಿತ್ತು. ನನ್ನದು ಬಂದಾಗ ಇದ್ದಂತೆಯೇ ಇತ್ತು. ಭಾವನದು 'ಇಂಡಿಯನ್' ಎಂಬ ಹಳೆಯ ಸರ್ವೆ ಲೆಕ್ಕದ ಮೇಲಿತ್ತು.

"ನಮ್ಮ ಸರ್ವೆ ನಕ್ಷೆಗೆ ತಾಳೆ ಆಗ್ಲಿಲ್ಲ, ಅದಕ್ಕೇ ಬದಲಾಯಿಸ್ದೆ ಕಣಯ್ಯ," ಎಂದರು. "ನಾವಿರೋದು ಇಂಡಿಯಾದಲ್ಲೇ ತಾನೆ?"

ತಮ್ಮ ಹಳೆಯ ನಕ್ಷೆಗೆ ಅವರು ನಿಷ್ಠರಾಗಿದ್ದರು, ಅಷ್ಟೇ. ನಾನು ಕೊಟ್ಟ ಸಂಖ್ಯೆ ಆ ಲೆಕ್ಕದಲ್ಲಿ ನೂರು ಮೀಟರಿಗೂ ಹೆಚ್ಚು ಸರಿದು ನೇರ ಹೊಳೆಯೊಳಕ್ಕೆ ಬಿದ್ದಿತ್ತು. ಬ್ಯಾಟರಿಯ ಬಗ್ಗೆ ಅಷ್ಟು ಪಾಠ ಮಾಡಿದವನು ಇದೊಂದನ್ನು ಕೇಳಿರಲಿಲ್ಲ. ತಪ್ಪು ಸೆಟ್ಟಿಂಗಿನದು ಎಂದುಕೊಂಡು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಭಾವನಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ಸಂಜೆ ತಡೆಯಲಾರದೆ ಫೋನು ಮಾಡಿ ಕೇಳಿಬಿಟ್ಟೆ. ಅಷ್ಟು ವರ್ಷ ನೆಲ ಅಳೆದವರು ನೀವು, ನೀರಿಗೆ ಕಾಲಿಡುವಾಗ ಗೊತ್ತಾಗಲಿಲ್ಲವೆ?

"ಗೊತ್ತಾಗ್ದೆ ಏನಯ್ಯ? ಹೊಳೆ ನಡುವೆ ಯಾರಾದ್ರೂ ಡಬ್ಬಿ ಇಡ್ತಾರಾ?" ಭಾವ ನಕ್ಕರು. "ನೀನು ಅಷ್ಟು ಗಟ್ಟಿಯಾಗಿ ಹೇಳ್ದೆ. ಇಳೀದೆ ವಾಪಸ್ ಬಂದ್ರೆ ನಿಂಗೆ ಬೇಜಾರಾಗ್ತದೆ ಅಂತ ಇಳುದ್ಬುಟ್ಟೆ."

ಆಮೇಲೆ ಅಕ್ಕನ ಮಂಡಿನೋವಿನ ಮಾತು ಬಂತು. ಯಾವ ಎಣ್ಣೆ ಹಚ್ಚಿದರೆ ಒಳ್ಳೆಯದು, ನೀನೇ ಹೇಳು ಎಂದರು. ನನಗೆ ಗೊತ್ತಿತ್ತು. ಆದರೂ, ಡಾಕ್ಟರನ್ನೇ ಕೇಳಿ ಭಾವ, ಎಂದೆ.