ಎರೆಮಣ್ಣಿನ ಕೇಪಳ

ಮದುವೆಯಾಗಿ ಶಿರೂರಿನಿಂದ ಹರಿಹರಕ್ಕೆ ಬರುವಾಗ ಸಿದ್ದೀಕಾ ತವರಿನ ಬೇಲಿಯಿಂದ ಕೇಪಳದ ಸಸಿಯೊಂದನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕಡಲ ಬದಿಯ ಕೆಂಪು ಕಲ್ಲುಮಣ್ಣಿನಲ್ಲಿ ಯಾರೂ ನೀರು ಹಾಕದಿದ್ದರೂ ಗೊಂಚಲು ಗೊಂಚಲಾಗಿ ಕೆಂಪಗೆ ಅರಳುವ ಗಿಡ ಅದು. ಇಲ್ಲಿಯ ಎರೆಮಣ್ಣು ಅದಕ್ಕೆ ಒಗ್ಗಲಿಲ್ಲ. ಎಲೆ ಹಳದಿಗಟ್ಟಿತು. ಸಾಯಲೂ ಇಲ್ಲ, ಹೂ ಬಿಡಲೂ ಇಲ್ಲ. ಲೇತ್ ಕೆಲಸ ಮುಗಿಸಿ ಬಂದ ಗಂಡ ಅಶ್ಫಾಕ್, "ನಿನ್ನಂಗೇ ಮೊಂಡ ಐತೆ ನೋಡು" ಎಂದು ನಗುತ್ತಿದ್ದ.

ಮಕ್ಕಳಾಗಲಿಲ್ಲ. ಅಶ್ಫಾಕ್ ಎದೆನೋವಿನಿಂದ ತೀರಿಕೊಂಡ ಮೇಲೆ ಮೈದುನಂದಿರು ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟರು. ಇರು ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವಳೇ ಗಿಡವನ್ನು ಎಣ್ಣೆ ಡಬ್ಬಕ್ಕೆ ಬದಲಿಸಿ, ಹೊಲಿಗೆ ಮಷೀನಿನ ಜೊತೆ ಆಟೋದಲ್ಲಿಟ್ಟುಕೊಂಡು ದಾವಣಗೆರೆಗೆ ಬಂದಳು. ಸರಸ್ವತಿ ನಗರದ ಗುರುಶಾಂತಮ್ಮನ ಹಿತ್ತಲ ಕೋಣೆ ಬಾಡಿಗೆಗೆ ಸಿಕ್ಕಿತು.

ಜಂಪರ್ ಹೊಲಿಸುವವರು ಅಳತೆ ಕೊಟ್ಟು ಹೋಗುತ್ತಿದ್ದರು. ಮಷೀನು ನಿಂತರೆ ಕೋಣೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ. ಕೆಲವು ಸಂಜೆ, ಬೆಳಗ್ಗೆಯಿಂದ ತಾನು ಬಾಯೇ ಬಿಟ್ಟಿಲ್ಲವೆಂಬುದು ನೆನಪಾಗಿ, ಗಿಡಕ್ಕೆ ನೀರು ಹಾಕುತ್ತ ಏನಾದರೂ ಹೇಳುತ್ತಿದ್ದಳು.

ಅದು ಗುರುಶಾಂತಮ್ಮನ ಕಿವಿಗೆ ಬಿತ್ತು. "ಯಾರ ಜೋಡಿ ಮಾತಾಡ್ತೀಯವ್ವ?"

"ಗಿಡದ ಜೋಡಿ ಅಮ್ಮ. ಹೂವೇ ಬಿಡ್ತಿಲ್ಲ."

"ಹುಳಿ ಮಜ್ಜಿಗೆ ಹಾಕಿ ನೋಡು. ನಮ್ಮ ಕರಿಬೇವು ಅದ್ರಾಗೇ ಚಿಗಿತು."

ಅಂದಿನಿಂದ ಮುದುಕಿ ಮಿಕ್ಕ ಮಜ್ಜಿಗೆಯನ್ನು ತಂಬಿಗೆಯಲ್ಲಿ ತಂದಿಡತೊಡಗಿದಳು.

ಮಳೆಗಾಲ ಕಳೆಯುವಷ್ಟರಲ್ಲಿ ಎಲೆ ಹಸಿರಾಯಿತು. ಒಂದು ಬೆಳಗ್ಗೆ ತುದಿಯಲ್ಲಿ ಒಂದೇ ಒಂದು ಕೆಂಪು ಗೊಂಚಲು. ಸಿದ್ದೀಕಾ ಕೂಡಲೇ ಶಿರೂರಿನ ತಂಗಿ ನಸೀಮಾಗೆ ವಿಡಿಯೋ ಕಾಲ್ ಮಾಡಿದಳು.

"ಕೇಪಳವಾ? ಇದನ್ನ ತೋರ್ಸಲಿಕ್ಕೆ ಫೋನ್ ಮಾಡಿದ್ದಾ ಆಪಾ? ಇಲ್ಲಿ ಬೇಲಿ ತುಂಬಾ ಉಂಟಲ್ಲ. ಒಲೆ ಮೇಲೆ ಮೀನುಂಟು, ಆಮೇಲೆ ಮಾಡ್ತೆ."

ಆಮೇಲೆ ಫೋನ್ ಬರಲಿಲ್ಲ. ಸಿದ್ದೀಕಾ ಹಿತ್ತಲ ಮೆಟ್ಟಿಲ ಮೇಲೆ ಕೂತೇ ಇದ್ದಳು. ಪೂಜೆಗೆ ಹೂ ಕೇಳಲು ಬಂದ ಗುರುಶಾಂತಮ್ಮ ಅವಳ ಮುಖ ನೋಡಿ ಪಕ್ಕದಲ್ಲೇ ಕೂತಳು.

"ಸಣ್ಣವರಿದ್ದಾಗ ಇದರ ಜೇನು ಹೀರ್ತಿದ್ವಿ ಅಮ್ಮ" ಎಂದು ಸಿದ್ದೀಕಾ ಗೊಂಚಲಿನಿಂದ ಒಂದು ಹೂ ಎಳೆದು ಕೊಟ್ಟಳು.

ಮುದುಕಿ ಬಾಯಿಗಿಟ್ಟು ಹೀರಿದಳು. "ಏನೂ ಸಿಹಿ ಇಲ್ಲಲ್ಲವ್ವ."

ಸಿದ್ದೀಕಾಳೂ ಒಂದು ಹೀರಿ ನೋಡಿದಳು. ನಿಜ, ಏನೂ ಇರಲಿಲ್ಲ.

"ನಮ್ಮ ಕಡೆ ಇರ್ತದಮ್ಮ."

"ಇರಬೋದು" ಎಂದಳು ಗುರುಶಾಂತಮ್ಮ, ಇನ್ನೊಂದು ಹೂ ಎಳೆದುಕೊಳ್ಳುತ್ತ.