ಕಂಪನಿ ತೊಡಿಸುವ ಪೇಟ

ಡೀಲರುಗಳ ಸಭೆಯಲ್ಲಿ ನಿಮಗೆ ಸನ್ಮಾನ ಎಂದು ಕಂಪನಿಯಿಂದ ಫೋನು ಬಂದಾಗಿನಿಂದ ಪಟ್ಟಂದೂರು ಅಗ್ರಹಾರದ ವೆಂಕಟೇಶಪ್ಪನವರಿಗೆ ಹೆದರಿಕೆ ಹಿಡಿದಿತ್ತು. ಸನ್ಮಾನಕ್ಕೆ ಯಾರಾದರೂ ಹೆದರುತ್ತಾರೆಯೇ? ತಂಪು ಪಾನೀಯದ ಏಜೆನ್ಸಿ ಹಿಡಿದವರು ಹೆದರುತ್ತಾರೆ. ಹೋದ ಸಲದ ಸಭೆಯಲ್ಲಿ ಬಾಗಲಗುಂಟೆಯ ಸಿದ್ದರಾಜುವಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ‘ನಮ್ಮ ಕುಟುಂಬದ ಹಿರಿಯರು’ ಎಂದು ಬಾಯಿತುಂಬ ಹೊಗಳಿದ ಕಂಪನಿ, ತಿಂಗಳು ತುಂಬುವುದರೊಳಗೆ ಅವನ ಏಜೆನ್ಸಿ ಕಿತ್ತುಕೊಂಡಿತ್ತು. ಅದರ ಹಿಂದಿನ ಸಲ ಪೇಟ ತೊಟ್ಟ ರಾಜಗೋಪಾಲನಗರದ ಡೀಲರನ ಗತಿಯೂ ಅದೇ. ಅಂದಿನಿಂದ ಪೇಟದ ಮಾತೆತ್ತಿದರೆ ಡೀಲರುಗಳ ದನಿ ತಗ್ಗುತ್ತದೆ.

ವೆಂಕಟೇಶಪ್ಪ ದಡ್ಡರಲ್ಲ. ಮೊದಲೆಲ್ಲ ಅವರ ಟೆಂಪೋ ಬಂತೆಂದರೆ ಪಿಜಿಗಳ ಕೆಳಗಿನ ಅಂಗಡಿಯವರು ಕ್ರೇಟು ಇಳಿಸಿಕೊಳ್ಳಲು ಓಡಿ ಬರುತ್ತಿದ್ದರು. ಈಗ ಐಟಿ ಪಾರ್ಕಿನ ಹುಡುಗಿಯರು ಬಾಟಲಿ ತಿರುಗಿಸಿ, ಸಕ್ಕರೆ ಎಷ್ಟಿದೆ ಎಂದು ಓದಿ, ಅಲ್ಲೇ ಇಟ್ಟು ಹೋಗುತ್ತಾರೆ. ಸಕ್ಕರೆಯಿಲ್ಲದ್ದು ಬೇಕೆಂದರೆ ಮೊಬೈಲು ಒತ್ತಿದರಾಯಿತು, ಬೈಕಿನವನು ಬಾಗಿಲಿಗೇ ತಂದುಕೊಡುತ್ತಾನೆ. ಆ ಆ್ಯಪಿನವರಿಗೆ ಕಂಪನಿಯೇ ನೇರವಾಗಿ ಮಾಲು ಕೊಡುತ್ತಿರುವಾಗ ನಡುವೆ ನಾನ್ಯಾಕೆ ಬೇಕು ಎಂಬ ಯೋಚನೆ ಬಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೆಂಡತಿ ಪಿಳ್ಳಮ್ಮನಿಗೆ ಇದನ್ನು ಹೇಳುವ ಧೈರ್ಯವೂ ಬರಲಿಲ್ಲ. ಆಕೆಯೋ ಬೀದಿಗೆಲ್ಲ ಸುದ್ದಿ ಹಂಚಿ, ಮಗಳ ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ನಿಂತಳು. ಹೊಟ್ಟೆನೋವು ಎಂದು ಗಂಡ ನೆಪ ತೆಗೆದರೆ ಜೀರಿಗೆ ಕಷಾಯ ಕುಡಿಸಿ ಆಟೋ ಹತ್ತಿಸಿದಳು.

ವೈಟ್‌ಫೀಲ್ಡಿನ ಹೋಟೆಲಿನ ಆ ತಣ್ಣನೆಯ ಹಾಲಿನಲ್ಲೂ ವೆಂಕಟೇಶಪ್ಪನವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹೆಸರು ಕೂಗಿದರೂ ಅವರು ಕೂತೇ ಇದ್ದರು. ಪಿಳ್ಳಮ್ಮನೇ ತಿವಿದು ಎಬ್ಬಿಸಬೇಕಾಯಿತು. ವೇದಿಕೆಗೆ ಹೋಗುವ ದಾರಿಯುದ್ದಕ್ಕೂ ಕೂತಿದ್ದ ಡೀಲರುಗಳು ಅವರ ಮುಖ ನೋಡದೆ ಮೊಬೈಲು ನೋಡಿದರು. ತಮ್ಮ ಹೆಸರು ಬರಲಿಲ್ಲವಲ್ಲ ಎಂಬ ಸಮಾಧಾನ ಅವರಿಗೆ.

ವೇದಿಕೆಯ ಮೇಲೆ ಏರಿಯಾ ಮ್ಯಾನೇಜರ್ ಮಲ್ಲಿಕ್ ಪೇಟ ಹಿಡಿದು ನಿಂತಿದ್ದ. ವೆಂಕಟೇಶಪ್ಪ ಕೈಮುಗಿದು, ಮೈಕಿಗೆ ಕೇಳಿಸದಂತೆ ಬೇಡಿಕೊಂಡರು.

“ಇದು ಬ್ಯಾಡ ಸಾರ್. ಬೇರೆ ಯಾರಿಗಾದ್ರೂ ಆಕ್ಬುಡಿ. ನನ್ ಏಜೆನ್ಸಿ ಒಂದ್ ಉಳಿಸ್ಕೊಡಿ.”

ಮಲ್ಲಿಕ್ ಅವರ ಕಣ್ಣು ತಪ್ಪಿಸಿದ. “ಮೇಲಿಂದಾನೇ ಡಿಸೈಡ್ ಆಗೋಗಿದೆ ಸಾರ್. ಫೋಟೋ ತೆಗೀತಿದಾರೆ, ಸ್ವಲ್ಪ ನಗಿ.”

ಪೇಟ ತಲೆಯ ಮೇಲೆ ಕೂತಿತು. ಇಷ್ಟು ವರ್ಷದ ಬದುಕು ಮುಗಿಯಿತೆಂದು ಅವರ ಎದೆ ಕುಸಿಯಿತು. ಕೆಳಗೆ ಮುಂದಿನ ಸಾಲಿನಲ್ಲಿ ಪಿಳ್ಳಮ್ಮ ಒಬ್ಬಳೇ ಎದ್ದು ನಿಂತು, ಪಕ್ಕದವರಿಗೆ “ನಮ್ ಯಜಮಾನ್ರು” ಎಂದು ತೋರಿಸುತ್ತಾ ಚಪ್ಪಾಳೆ ತಟ್ಟುತ್ತಿದ್ದಳು. ವೆಂಕಟೇಶಪ್ಪ ಆಕೆಯನ್ನೇ ನೋಡುತ್ತಾ ನಕ್ಕರು.