ದೃಷ್ಟಿ ತೆಗೆದ ಶುಕ್ರವಾರ

ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್‌ನ ನನ್ನ ಫ್ಲ್ಯಾಟಿಗೆ ಆ ಯುಕ್ರೇನ್ ಹುಡುಗಿ ಬಂದಿಳಿದದ್ದು ಜುಲೈ ತಿಂಗಳಲ್ಲಿ, ಮೊಣಕಾಲು ಮುಟ್ಟುವ ಉಣ್ಣೆಯ ಕೋಟು ತೊಟ್ಟು. ಸೂಟ್‌ಕೇಸಿನಲ್ಲಿ ಜಾಗ ಇರಲಿಲ್ಲವಂತೆ! ನಾನು ರಿಸೆಪ್ಷನಿಸ್ಟ್ ಆಗಿದ್ದ ಬ್ಯೂಟಿ ಪಾರ್ಲರಿನಲ್ಲೇ ಅವಳಿಗೆ ಉಗುರಿಗೆ ಬಣ್ಣ ಹಚ್ಚುವ ಕೆಲಸ. ಇಪ್ಪತ್ಮೂರು ವರ್ಷ. ಇಲ್ಲಿ ಉಳಿಯಲು ಬೇಕಾದ ಇಕಾಮಾ ಇನ್ನೂ ಆಗಿರಲಿಲ್ಲ. "ಒಂದು ತಿಂಗಳು ನೋಡು, ಸರಿಯಿಲ್ಲ ಅಂದ್ರೆ ವಾಪಸ್ ಕಳಿಸ್ತೇನೆ" ಎಂದು ಮಾಲಕಿ ನನಗೆ ಹೇಳಿದ್ದರು.

ಮೊದಲ ವಾರವೇ ಜಿರಳೆಗೆ ಚಪ್ಪಲಿ ಎಸೆದು ನನ್ನ ಮಿಕ್ಸಿ ಜಾರ್ ಒಡೆದಳು. ಕುಕ್ಕರ್ ಕೂಗಿದರೆ ಪೊರಕೆ ಹಿಡಿದು ಅದರೆದುರು ನಿಲ್ಲುತ್ತಿದ್ದಳು. ನಾನು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ.

ಮೂರನೆಯ ವಾರ ಅವಳಿಗೆ ಜ್ವರ. ಮಾತ್ರೆಗೆ ಬಗ್ಗಲಿಲ್ಲ. ಆ ಹೊಂಬಣ್ಣದ ಕೂದಲನ್ನು ಲಿಫ್ಟಿನಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರಲ್ಲ, ದೃಷ್ಟಿಯೇ ತಾಗಿದೆ ಎಂದು ತೀರ್ಮಾನಿಸಿದೆ. ಶುಕ್ರವಾರ ಬೆಳಿಗ್ಗೆ, ಕುರ್ಚಿಯಲ್ಲಿ ತೂಕಡಿಸುತ್ತಿದ್ದವಳಿಗೆ ತೆಂಗಿನಕಾಯಿಯನ್ನು ಮೂರು ಸುತ್ತು ನಿವಾಳಿಸಿ, ಹೊಸಿಲಿಗೆ ಎತ್ತಿ ಬಡಿದೆ. ಢಮ್ಮೆಂದಿತು.

ಮರುಕ್ಷಣ ನನ್ನ ಜುಟ್ಟು ಅವಳ ಮುಷ್ಟಿಯಲ್ಲಿತ್ತು. ಜ್ವರದವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ! ದರದರ ಎಳೆದೊಯ್ದು ಬಚ್ಚಲುಮನೆಯೊಳಗೆ ಎಸೆದಳು. ಬಾಯಿ ಬೇಸಿನ್ನಿಗೆ ಬಡಿದು ಮುಂದಿನ ಹಲ್ಲು ಮುರಿಯಿತು, ಎದೆಯ ಮೇಲೆಲ್ಲ ರಕ್ತ. ಬಾಗಿಲನ್ನು ಒದ್ದು ಮುಚ್ಚಿ ನನ್ನ ಮೇಲೆಯೇ ಬಿದ್ದಳು. ಅವಳ ಕೈ ಕಚ್ಚಿದೆ. ಕೆನ್ನೆಗೆ ರಪ್ಪನೆ ಬಾರಿಸಿದಳು. ಕೈಗೆ ಸಿಕ್ಕ ಚೊಂಬಿನಿಂದ ಅವಳ ತಲೆಗೆ ನಾಲ್ಕು ಬಿಗಿದೆ.

"ಮಂಡೆ ಸಮ ಉಂಟಾ ನಿಂಗೆ? ಬಿಡೇ!"

"ಏಳ್ಬೇಡ! ಎರಡನೇದು ಬರತ್ತೆ!" ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕಿರುಚಿದಳು.

ಎರಡನೆಯ ಕಾಯಿ ನನ್ನಲ್ಲಿ ಇರಲೇ ಇಲ್ಲ.

ಹೇಗೋ ಬಿಡಿಸಿಕೊಂಡು ಎದ್ದೆ. ಸಿಟ್ಟು ನೆತ್ತಿಗೇರಿತ್ತು. ರಕ್ತ ಉಗುಳುತ್ತಲೇ ಮಾಲಕಿಗೆ ಫೋನ್ ಮಾಡಿ, "ಈ ಹುಚ್ಚಿ ನನ್ನನ್ನು ಕೊಲ್ತಾಳೆ, ಕಳಿಸಿಬಿಡಿ" ಎಂದೆ. "ಖಲಾಸ್. ನಾಳೆಯೇ ಟಿಕೆಟ್" ಎಂದರು.

ಅವಳು ಹೊಸಿಲ ಬಳಿ ಕೂತು ಚೂರುಗಳನ್ನೇ ನೋಡುತ್ತಿದ್ದಳು. ನಿನ್ನ ಜ್ವರ ಬಿಡಲೆಂದು ಒಡೆದ ಕಾಯಿ ಕಣೇ ಅದು ಎಂದು ಬೈಯುತ್ತಲೇ ತಿಳಿಸಿದೆ.

"ಅಮ್ಮ ಅಡುಗೆಮನೇಲಿದ್ಲು" ಎಂದಳು. "ಮೊದಲ್ನೇ ಬಾಂಬು ಬಿದ್ದಾಗ ಬಚ್ಚಲಿಗೆ ಬಾ ಅಂತ ಎರಡು ಸಲ ಕರೆದೆ. ಒಲೆ ಆರಿಸಿ ಬರ್ತೀನಿ ಅಂದ್ಲು. ನಾನು ಬರೀ ಕರೆದೆ. ಎಳೀಲಿಲ್ಲ."

ನಾನು ಮತ್ತೆ ಫೋನ್ ಎತ್ತಿಕೊಂಡೆ. ಟಿಕೆಟ್ ಬೇಡ ಎಂದ ಕೂಡಲೇ ಮಾಲಕಿ ರೇಗಿದರು.

"ಅವಳು ನಿಂಗೆ ಹೊಡೆದಳೋ ಇಲ್ವೋ? ಅಷ್ಟು ಹೇಳು."

"ಹೊಡೆದಳು, ಮೇಡಂ" ಎಂದೆ. "ಅವಳ ಇಕಾಮಾ ಮಾಡಿಸಿ."